ಅಕ್ಕ ಹಿಡಿದ ಕೆಂಪು ಗೆರೆಯ ಮೀನು

ನಾನು ಚಿಕ್ಕವನಿದ್ದಾಗ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಯಾರ ಕೈಗೂ ಅದರ ಸ್ವಂತ ಬಣ್ಣ ಇರಲಿಲ್ಲ. ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ. ಹಂಡೆಯಲ್ಲಿ ಬಣ್ಣ ಕುದಿಯುವ ಘಾಟು ನಮ್ಮ ರೊಟ್ಟಿಗೂ ಅಂಟಿರುತ್ತಿತ್ತು. ಬಣ್ಣ ಹಾಕಿದ ನೂಲನ್ನು ಊರಾಚೆಯ ಹಳ್ಳದಲ್ಲಿ ಜಾಲಾಡಿಸುವ ಕೆಲಸ ಅಕ್ಕನದು. ಅದಕ್ಕಾಗಿಯೇ ಅವಳನ್ನು ಶಾಲೆ ಬಿಡಿಸಿದ್ದರು. ಅವಳ ಕೈಗಳು ಮೊಣಕೈವರೆಗೆ ಸದಾ ಕೆಂಪಗಿರುತ್ತಿದ್ದವು.

ಒಂದು ಬೇಸಿಗೆಯಲ್ಲಿ ಮೀನು, ಹಲ್ಲಿ, ಹಾವುಗಳ ಬಗ್ಗೆ ಓದಿಕೊಂಡ ಸಾಹೇಬರೊಬ್ಬರು ರಾಯಚೂರಿನಿಂದ ಬಂದು ಸರಕಾರಿ ಬಂಗಲೆಯಲ್ಲಿ ಇಳಿದುಕೊಂಡರು. ಅವರ ಮೇಜಿನ ತುಂಬ ಮೂಗು ಉರಿಸುವ ಔಷಧಿಯ ಗಾಜಿನ ಭರಣಿಗಳು. ಮೀನಿನ ಮೈಮೇಲಿನ ಹುರುಪೆಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ಎಣಿಸುತ್ತಿದ್ದರು, ರೆಕ್ಕೆಯ ಮುಳ್ಳುಗಳನ್ನೂ ಬಿಡುತ್ತಿರಲಿಲ್ಲ. ಪುಸ್ತಕದಲ್ಲಿರುವ ಯಾವ ಮೀನಿಗೂ ಆ ಎಣಿಕೆ ಹೊಂದದಿದ್ದರೆ ಹೊಸ ಜಾತಿಯಂತೆ.

"ಹೊಸಾದು ಕಂಡ್ರ ತಗೊಂಡ ಬರ್ರಿ. ಹಿಡದವರ ಹೆಸರು ಪುಸ್ತಕದಾಗ ಬರತೈತಿ," ಎಂದು ಮಕ್ಕಳಿಗೆಲ್ಲ ಹೇಳಿದ್ದರು.

ಮರುದಿನ ಬೆಳಿಗ್ಗೆ ಹಳ್ಳದ ಕಲ್ಲುಸಂದಿಯಲ್ಲಿ ಅಕ್ಕನಿಗೆ ಒಂದು ಮೀನು ಸಿಕ್ಕಿತು. ಬೆರಳುದ್ದ ಇತ್ತು. ಕಿವಿರಿನಿಂದ ಬಾಲದವರೆಗೆ ಎಳೆಯಂಥ ಕೆಂಪು ಗೆರೆ. ದಿನಾ ಆ ಹಳ್ಳದಲ್ಲೇ ಇರುವ ಅಕ್ಕ ಅಂಥದ್ದನ್ನು ಎಂದೂ ಕಂಡಿರಲಿಲ್ಲ. ಅದನ್ನು ಚೊಂಬಿಗೆ ಹಾಕಿ, ಮರಳಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದಳು. ಒಂದು ಅಕ್ಷರ ಮರೆತಿತ್ತು, ನನ್ನನ್ನು ಕೇಳಿ ತಿದ್ದಿಕೊಂಡಳು.

ನನಗೆ ಹೊಟ್ಟೆಕಿಚ್ಚು. ಶಾಲೆಗೆ ಹೋಗುವವನು ನಾನು, ಪುಸ್ತಕದಲ್ಲಿ ಬರುವುದು ಅವಳ ಹೆಸರೇ? ನನಗೆ ಸಿಕ್ಕಿದ್ದು ಎಲ್ಲರಿಗೂ ಸಿಗುವ ಬಿಳಿ ಮೀನು. ಹಿತ್ತಲಿಗೆ ಹೋಗಿ, ಹಂಡೆಯ ತಳದಲ್ಲಿ ಉಳಿದಿದ್ದ ಬಣ್ಣಕ್ಕೆ ಕಸಬರಿಗೆ ಕಡ್ಡಿ ಅದ್ದಿ, ಅದರ ಮೈಮೇಲೂ ಒಂದು ಗೆರೆ ಎಳೆದೆ.

ಇಬ್ಬರೂ ಬಂಗಲೆಗೆ ಹೋದೆವು. ನಾನೇ ಮುಂದೆ ನುಗ್ಗಿ ನನ್ನ ಚೊಂಬು ಇಟ್ಟೆ. ಅಷ್ಟರಲ್ಲಿ ಅದರ ನೀರೆಲ್ಲ ಕೆಂಪಾಗಿತ್ತು. ಸಾಹೇಬರು ಮೀನನ್ನು ಎತ್ತಿ ಹೆಬ್ಬೆರಳಿನಿಂದ ಒರೆಸಿದರು. ಗೆರೆ ಹೆಬ್ಬೆರಳಿಗೆ ಬಂತು. ಆಮೇಲೆ ಅವರ ಕಣ್ಣು ಅಕ್ಕನ ಕೈಗಳ ಮೇಲೆ ಬಿತ್ತು.

"ಇಬ್ಬರೂ ನಿಮ್ಮ ಕೈ ನೋಡ್ಕೊಳ್ರಿ! ನನ್ನ ಹೊತ್ತು ಹಾಳ ಮಾಡಾಕ ಬಂದೀರೇನು?"

"ನಾ ಬಣ್ಣ ಹಚ್ಚಿಲ್ರೀ ಸಾಹೇಬ್ರ. ಇದು ಹಳ್ಳದಾಗ ಹಿಂಗ ಸಿಕ್ಕೈತ್ರೀ," ಎಂದಳು ಅಕ್ಕ.

ಅವರು ಅವಳ ಮೀನನ್ನು ಮುಟ್ಟಿಯೂ ನೋಡಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು. ಅವಳ ಚೊಂಬಿನ ನೀರು ತಿಳಿಯಾಗಿತ್ತು, ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ನಾನು ತಲೆ ತಗ್ಗಿಸಿ ನಿಂತೆ.

ಅಕ್ಕ ಹಳ್ಳಕ್ಕೆ ಹೋಗಿ ಮೀನನ್ನು ನೀರಿಗೆ ಬಿಟ್ಟಳು. ಬೈಯಲಿಲ್ಲ, ಹೊಡೆಯಲೂ ಇಲ್ಲ. "ಅಕ್ಕಂದು ಖರೇ ಐತಿ ಅಂತ ಒಂದು ಮಾತು ಹೇಳಾಕ ಆಗಲಿಲ್ಲೇನೋ ನಿನಗ?" ಎಂದಳು. ಸಾಹೇಬರು ಗದ್ವಾಲಿಗೆ ಹೊರಟಿದ್ದು ಮರುದಿನ. ಓಡಿಹೋಗಿ ಹೇಳಲು ನನಗೆ ಪೂರ್ತಿ ಒಂದು ಮಧ್ಯಾಹ್ನ ಇತ್ತು. ಹೋಗಲಿಲ್ಲ. ಅಕ್ಕ ಮತ್ತೆ ನೂಲು ಜಾಲಾಡಿಸಲು ಕೂತಳು.

ಮಕ್ಕಳೇ, ಮೊನ್ನೆ ನೀವು ಗೋಡೆಯ ಮೇಲಿನ ಹಲ್ಲಿಯ ಚಿತ್ರ ತೆಗೆದು, ಪ್ರಾಣಿಗಳನ್ನು ಗುರುತಿಸಿ ಹೆಸರು ಹೇಳುವವರಿಗೆ ಫೋನಿನಲ್ಲಿ ಕಳಿಸಿದಿರಿ. ಊಟ ಮುಗಿಯುವಷ್ಟರಲ್ಲಿ ಅದರ ಹೆಸರು ಬಂತು, ಹುಡುಕಿದವರೆಂದು ನಿಮ್ಮ ಹೆಸರೂ ಬಂತು. ಯಾರೂ ನಿಮ್ಮ ಕೈ ನೋಡಲಿಲ್ಲ. ಆಗ ನಾನು ಕೊನೆಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಏನಾಯಿತು ತಾತ ಎಂದು ಕೇಳಿದಿರಲ್ಲ, ಇದೇ ಆಗಿದ್ದು. ಅಕ್ಕ ಈಗ ಇಲ್ಲ. ಆ ಮೀನಿಗೆ ಆಮೇಲೆ ಯಾರಾದರೂ ಹೆಸರಿಟ್ಟರೋ ಇಲ್ಲವೋ ನನಗೆ ತಿಳಿಯದು. ನಿಮ್ಮ ಮಾತು ನಿಜವೆಂದು ತೋರಿಸಲು ಫೋನಿನಲ್ಲಿ ಚಿತ್ರವಿದೆ. ಅಕ್ಕನಿಗೆ ಇದ್ದವನು ನಾನೊಬ್ಬನೇ, ನಾನು ಬಾಯಿ ಬಿಡಲಿಲ್ಲ.