ಒಗ್ಗರಣೆ ಕೊಟ್ಟ ಗ್ವಾಕಮೋಲೆ

ಪುಣೆಯಿಂದ ಮಗಳು ಒಬ್ಬಳೇ ಬಂದಳು. ಮದುವೆಯಾದ ಮೇಲೆ ಗಂಡನಿಲ್ಲದೆ ಅವಳು ಜಮಖಂಡಿಗೆ ಬಂದದ್ದು ಅದೇ ಮೊದಲು. ಅವಳು ಬಾಗಿಲಲ್ಲಿ ಬ್ಯಾಗು ಇಳಿಸುತ್ತಿದ್ದಂತೆ, ನಮ್ಮ ಕಡೆ ಯಾರು ಬಂದರೂ ಕೇಳುವುದನ್ನೇ ನಾನೂ ಕೇಳಿದೆ.

"ಊಟ ಆತೇನವಾ?"

"ಆತು ಬೇ," ಅಂದಳು. ಚಪ್ಪಲಿ ಬಿಡುತ್ತ ಮೆಲ್ಲಗೆ ಇನ್ನೊಂದು ಸಲ ಅಂದಳು, "ಎಲ್ಲಾ ಆತು."

ದಾರಿಯಲ್ಲಿ ಎಲ್ಲೋ ಹೊಟ್ಟೆ ತುಂಬ ಉಂಡಿದ್ದಾಳೆ ಎಂದುಕೊಂಡೆ. ನಮ್ಮ ಕಡೆ ಊಟ ಮುಗಿದರೂ ಆತು, ಲಗ್ನ ಮುಗಿದರೂ ಆತು, ಮನುಷ್ಯ ಮುಗಿದರೂ ಆತು. ಹುಟ್ಟಿದಾಗಿನಿಂದ ಇದೇ ಮಾತಾಡುವ ನಾನು ಇದು ಯಾವ ಆತು ಎಂದು ಒಂದು ಮಾತು ಕೇಳಬಹುದಿತ್ತು. ನೀರಿನ ತಂಬಿಗೆ ಕೈಗೆ ಕೊಟ್ಟು ಒಳಗೆ ಹೋದೆ.

ತವರಿಗೆ ಬಂದ ಮಗಳನ್ನು ಯಾಕೆ ಬಂದೆ ಎಂದು ಕೇಳಬಾರದು, ಕೇಳಿದರೆ ಹೋಗು ಅಂದ ಹಾಗೆ. ಇದು ನನ್ನ ಅವ್ವ ನನಗೆ ಕಲಿಸಿದ್ದು. ಓಣಿಯವರಿಗೆ ಆ ನಿಯಮ ಇರಲಿಲ್ಲ, "ಎಷ್ಟ ದಿನಾ ಇರ್ತಾಳ್ರೀ?" ಎಂದು ಕಟ್ಟೆಗೆ ಬಂದು ಕೂತೇ ಕೇಳುತ್ತಿದ್ದರು. ನಾನು ಮಾತ್ರ ಬಾಯಿ ಹೊಲಿದುಕೊಂಡು ಕೈಗೆ ಕೆಲಸ ಕೊಟ್ಟೆ. ಎಣ್ಣೆಗಾಯಿ ಮಾಡಿದೆ, ಹುಗ್ಗಿ ಮಾಡಿದೆ, ಮಾದಲಿ ಮಾಡಿದೆ. ಅವಳು ಅರ್ಧ ರೊಟ್ಟಿ ಮುರಿದು ಸಾಕು ಎಂದು ಎದ್ದು ಬಿಡುತ್ತಿದ್ದಳು. ಕಿಡಕಿಯ ಹತ್ತಿರ ಕೂತರೆ ಕೂತೇ ಬಿಡುತ್ತಿದ್ದಳು. ದಿನದಿಂದ ದಿನಕ್ಕೆ ಅವಳ ಮುಖ ಇಳಿಯುವುದನ್ನು ನೋಡಿ ನನಗೆ ಭಯವಾಗತೊಡಗಿತು. ಈ ಹುಡುಗಿ ಒಂದು ಹೊತ್ತು ಹೊಟ್ಟೆ ತುಂಬ ಉಂಡರೆ ಸಾಕಪ್ಪಾ ಶಿವನೇ ಎಂಬುದೊಂದೇ ನನ್ನ ಬೇಡಿಕೆಯಾಗಿತ್ತು.

ಆಗ ನೆನಪಾದದ್ದು ಫೋಟೋ. ಅವಳು ಪುಣೆಯಿಂದ ಕಳಿಸುತ್ತಿದ್ದ ಹೋಟೆಲಿನ ಫೋಟೋಗಳಲ್ಲೆಲ್ಲ ಅವಳ ಮುಂದೆ ಕರಿ ಕಲ್ಲಿನ ಬಟ್ಟಲು, ಅದರಲ್ಲಿ ಹಸಿರು ಮುದ್ದೆ. ಒಮ್ಮೆ ಮೆಂತ್ಯದ ಪಲ್ಯವೇನು ಎಂದು ಕೇಳಿ ನಗೆಪಾಟಲಾಗಿದ್ದೆ. ಅದು ಗ್ವಾಕಮೋಲೆ, ಅವಕಾಡೊ ಅನ್ನುವ ಬೆಣ್ಣೆಹಣ್ಣಿನದು. ಅಲ್ಲಿಯ ರುಚಿ ನಾಲಿಗೆಗೆ ಹತ್ತಿದೆ, ಅದಕ್ಕೇ ನಮ್ಮ ರೊಟ್ಟಿ ಇಳಿಯುತ್ತಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದೆ. ಎಂಥಾ ಶಾಣ್ಯಾಕಿ ನಾನು!

ಪೇಟೆಯ ಹಣ್ಣಿನವನು, "ಬೆಣ್ಣಿ ಬೇಕಂದ್ರ ಡೇರಿಗೆ ಹೋಗ್ರೀ ಅಕ್ಕಾರ," ಎಂದು ನಕ್ಕ. ಮುಧೋಳದಲ್ಲೂ ಸಿಗಲಿಲ್ಲ. ಕೊನೆಗೆ ಬೆಳಗಾವಿಗೆ ಹೋದವರ ಕೈಯಲ್ಲಿ ತರಿಸಿದೆ. ಬಂದವು ಕಲ್ಲಿನಂಥ ಕಾಯಿ. ಮಾವಿನಕಾಯಿ ಹುಗಿದಿಡುವಂತೆ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟು, ದಿನಾ ಬೆಳಿಗ್ಗೆ ಒತ್ತಿ ನೋಡುತ್ತಿದ್ದೆ.

ಮಾಡುವ ಬಗೆ ಯಾರನ್ನು ಕೇಳುವುದು? ಮಗಳಿಗೆ ಗೊತ್ತಾಗಬಾರದು. ಹಿತ್ತಿಲಿಗೆ ಹೋಗಿ ಅಳಿಯಂದಿರಿಗೇ ಫೋನು ಹಚ್ಚಿದೆ. ಅವರು ಬಹಳ ಹುರುಪಿನಿಂದ ಹೇಳಿದರು. ಮಿಕ್ಸರಿಗೆ ಹಾಕಬಾರದು, ಕಲ್ಲಿನಲ್ಲಿ ಜಜ್ಜಬೇಕು, ಪೂರ್ತಿ ನುಣ್ಣಗಾಗಬಾರದು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಣ್ಣಗೆ ಹೆಚ್ಚಬೇಕು, ಟೊಮೆಟೊದ ಬೀಜ ತೆಗೆಯಬೇಕು, ಲಿಂಬೆರಸ ಧಾರಾಳವಾಗಿರಬೇಕು. ನಾನು ಹೂಂ ರೀ, ಹೂಂ ರೀ ಅನ್ನುತ್ತ ಕೇಳಿದೆ. ಇಷ್ಟೆಲ್ಲ ಹೇಳಿದ ಮನುಷ್ಯ ಆಕಿ ಹೆಂಗದಾಳ ಎಂದು ಒಂದು ಮಾತು ಕೇಳಲಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಣ್ಣು ಮೆತ್ತಗಾದ ದಿನ ಖಾರ ಕುಟ್ಟುವ ಕಲ್ಲು ತೊಳೆದು ಜಜ್ಜಿದೆ. ಬಣ್ಣ ಫೋಟೋದಲ್ಲಿದ್ದಂತೆಯೇ ಬಂತು. ಅಷ್ಟರಲ್ಲಿ ನನ್ನ ಅತ್ತೆ ಅಡಿಗೆಮನೆಗೆ ಬಂದು ಬಟ್ಟಲಲ್ಲಿ ಇಣುಕಿದರು.

"ಒಗ್ಗರಣಿ ಎಲ್ಲೈತಿ ಇದಕ್ಕ?"

"ಇದಕ್ಕ ಒಗ್ಗರಣಿ ಇಲ್ರೀ ಅತ್ತಿ, ಹಿಂಗ ತಿನ್ನೂದು."

"ಒಗ್ಗರಣಿ ಇಲ್ಲದ ಅಡಿಗಿ ಸತ್ತವರ ಮನ್ಯಾಗ ಮಾಡ್ತಾರ. ಮಗಳು ಮನಿಗಿ ಬಂದಾಳ, ಬುದ್ಧಿ ಎಲ್ಲೈತಿ ನಿನಗ?"

ನಾನು ರೊಟ್ಟಿ ತರಲು ಪಡಸಾಲೆಗೆ ಹೋಗಿ ಬರುವುದರೊಳಗೆ ಸಾಸಿವೆ, ಬಳ್ಳೊಳ್ಳಿ ಸಿಡಿಸಿ, ಹಸಿರು ಮುದ್ದೆಯನ್ನು ಬಾಣಲೆಗೆ ಸುರಿದು ಎರಡು ಸಲ ತಿರುವಿಯೂ ಬಿಟ್ಟಿದ್ದರು. ಮನೆಯೆಲ್ಲ ಘಮ್ ಅಂದಿತು. ಬಯ್ಯಲು ಬಾಯಿ ತೆರೆದೆ, ಹಿರಿಯ ಜೀವ, ಮೊಮ್ಮಗಳ ಮೇಲಿನ ಮಾಯೆಗೆ ಮಾಡಿದ್ದು ಎಂದು ನುಂಗಿಕೊಂಡೆ.

ಹೋಟೆಲಿನ ಚಿಪ್ಸಿನಂತೆ ಕಾಣಲಿ ಎಂದು ಖಡಕ್ ರೊಟ್ಟಿಯನ್ನು ಮೂರು ಮೂಲೆಯಾಗಿ ಮುರಿದು ಸುತ್ತಲೂ ಜೋಡಿಸಿ ಮಗಳ ಮುಂದಿಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತಿನ್ನತೊಡಗಿದಳು. ತಲೆ ಎತ್ತದೆ, ನಿಲ್ಲಿಸದೆ, ಬಟ್ಟಲು ಒರೆಸಿ ತಿಂದಳು.

"ಹೋಟೆಲಿನಂಗ ಆಗೈತೇನವಾ?"

"ಹಂಗ ಆಗೈತಿ ಬೇ."

ನನಗೆ ಸ್ವರ್ಗ ಮೂರೇ ಗೇಣು. ಆಮೇಲೆ ಚಮಚಕ್ಕೆ ಅಂಟಿದ್ದನ್ನು ನೆಕ್ಕಿ ನೋಡಿದರೆ ಕಹಿ, ಬೇವಿನ ಕಹಿ. ಆ ಹಣ್ಣನ್ನು ಬಿಸಿ ಮಾಡಿದರೆ ಕಹಿಯಾಗುತ್ತದಂತೆ, ಅದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಹೋಟೆಲಿನದನ್ನು ಎಂದೂ ತಿನ್ನದ ನಾನು ಆಗ, ಅದರ ರುಚಿಯೇ ಹೀಗಿರಬೇಕು ಎಂದುಕೊಂಡು ಮತ್ತೆ ನಾಲ್ಕು ಕಾಯಿ ತರಿಸಿ ಜೋಳದಲ್ಲಿ ಹುಗಿದಿಟ್ಟೆ.

ಗಿರಣಿಗೆ ಕಳಿಸಲು ಬುಟ್ಟಿಗೆ ಜೋಳ ತೆಗೆಯುತ್ತಿದ್ದ ಮಗಳ ಕೈಗೆ ಅವು ಸಿಕ್ಕವು.

"ಮತ್ತ ಮಾಡ್ತೀಯೇನ ಬೇ?"

"ಮಾಡ್ತೀನವಾ. ನಿನಗ ಸೇರತೈತಲ್ಲ."

ಅವಳು ಬುಟ್ಟಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು. "ನನಗ ಸೇರೂದಿಲ್ಲ. ಅವರಿಗೆ ಸೇರ್ತಿತ್ತು. ಹೋಟೆಲಿಗೆ ಹೋದಾಗೊಮ್ಮೆ ಅದನ್ನ ತರಸ್ತಿದ್ರು, ನನ್ನ ಮುಂದ ಇಟ್ಟು ಫೋಟೋ ತಗೀತಿದ್ರು. ನನಗೇನ ಬೇಕು ಅಂತ ಒಮ್ಮೆನೂ ಕೇಳಲಿಲ್ಲ."

"ಮತ್ತ ಮನ್ನೆ ಅಷ್ಟೂ ತಿಂದೆಲ್ಲವಾ?"

"ನೀ ಅಷ್ಟ ಪ್ರೀತಿಲೆ ಮಾಡಿದ್ದಿ. ಹೆಂಗ ಬ್ಯಾಡ ಅನ್ಲಿ?" ಅಂದಳು. "ನಾ ಬಂದ ದಿನಾನ ಹೇಳೇನಿ ಬೇ, ಎಲ್ಲಾ ಆತು ಅಂತ. ನಾ ಇನ್ನ ಪುಣೆಕ್ಕ ಹೋಗೂದಿಲ್ಲ."

"ನಾ ಊಟಾ ಅನ್ಕೊಂಡ್ನಿ, ಯವ್ವಾ," ಅಂದೆ. ಅವಳು ನಕ್ಕಳು, ನಗುತ್ತಲೇ ಅತ್ತಳು. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ಪೇಟೆಯವನನ್ನು ಕೇಳಿದೆ, ಮುಧೋಳದವರನ್ನು ಕೇಳಿದೆ, ಯಾರನ್ನು ಬಿಟ್ಟು ಬಂದಿದ್ದಳೋ ಅವರನ್ನೇ ಫೋನು ಮಾಡಿ ಕೇಳಿದೆ. ಕಿಡಕಿಯ ಹತ್ತಿರ ಕೂತಿದ್ದ ಇವಳೊಬ್ಬಳನ್ನು ಬಿಟ್ಟೆ.

ಕಣ್ಣೊರೆಸಿಕೊಂಡು, ತಡವಾದರೂ ಕೇಳಿಯೇ ಬಿಟ್ಟೆ. "ಹೋಗ್ಲಿ ಬಿಡು, ಈಗ ಹೇಳು. ನಿನಗ ಏನ ಸೇರತೈತಿ? ಏನ ಮಾಡ್ಲಿ?"

ಅವಳು ಬುಟ್ಟಿಯ ಜೋಳದಲ್ಲಿ ಬೆರಳಾಡಿಸಿದಳು.

"ಗೊತ್ತಿಲ್ಲ ಬೇ," ಅಂದಳು. "ಯಾರೂ ಕೇಳಿದ್ದಿಲ್ಲ."