ಮಡಿ ಸೀರೆಯ ಅವ್ವ, ಎರಡು ಬಾಗಿಲಿನ ಕೆಂಪು ಕಾರು

ಎಪ್ಪತ್ತರ ದಶಕದ ಕೊನೆಯಲ್ಲಿ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ ಕಾರು ಕೊಳ್ಳುವ ಮಾತು ಎದ್ದದ್ದು ನನ್ನ ಶೋಕಿಗಾಗಿ ಅಲ್ಲ, ಅವ್ವನ ಮಡಿಗಾಗಿ. ಮುಂದೆ ಆದದ್ದನ್ನೆಲ್ಲ ಓದಿದವರು ನಂಬಲಾರರೆಂದು ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಗದಗಿನಿಂದ ಬಂದು ನಮ್ಮೊಂದಿಗಿದ್ದ ಅವ್ವ ಪ್ರತಿ ಶನಿವಾರ ಬೆಳಿಗ್ಗೆ ತಲೆಗೆ ನೀರೆರೆದುಕೊಂಡು, ಯಾರ ಕೈಯೂ ತಾಗದ ಸೀರೆ ಉಟ್ಟು, ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಯಲಹಂಕದ ಆಚೆಯ ಹನುಮಪ್ಪನ ಗುಡಿಗೆ ಹೋಗಬೇಕು. ದಾರಿಯಲ್ಲಿ ಒಬ್ಬರು ಸೋಕಿದರೂ ಮಡಿ ಕೆಟ್ಟಿತು. ಮತ್ತೆ ಸ್ನಾನ, ಮತ್ತೆ ಸೀರೆ, ಮತ್ತೆ ನೀರು. ಸಿಟಿ ಬಸ್ಸಿನಲ್ಲಿ ಯಾರನ್ನೂ ಸೋಕದೆ ಯಲಹಂಕ ತಲುಪಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಹೀಗಾಗಿ ಕಾರು.

ನನ್ನ ಹೆಂಡತಿ ಪಕ್ಕದ ಬೀದಿಯಲ್ಲಿ ಮಾರಾಟಕ್ಕಿದ್ದ ಒಂದು ಬೂದು ಕಾರನ್ನು ನೋಡಿಟ್ಟಿದ್ದಳು. ನಾಲ್ಕು ಬಾಗಿಲು, ಎತ್ತರದ ಸೀಟು, ಗ್ಯಾಸ್ ಸಿಲಿಂಡರು ಹಿಡಿಯುವ ಡಿಕ್ಕಿ. ತಾಲ್ಲೂಕು ಕಚೇರಿಗೆ ಚಕ್ರ ಕಟ್ಟಿದರೆ ಹಾಗೇ ಕಾಣುತ್ತಿತ್ತು. ನಾನು ಅಷ್ಟರಲ್ಲಿ ಶೆಟ್ಟಿಹಳ್ಳಿಯ ಒಂದು ಹಲಸಿನ ಮರದ ಕೆಳಗೆ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕಂಡು ಬುದ್ಧಿ ಕಳೆದುಕೊಂಡಿದ್ದೆ. ವಿದೇಶದ್ದು, ಎರಡೇ ಬಾಗಿಲು, ಬಟ್ಟೆಯ ಮಾಡು. ಮುಂದಿನ ಸೀಟನ್ನು ಮಡಚಿ ತೂರಿಕೊಂಡರೆ ಹಿಂದೆ ಸೀಟೆಂದು ಕರೆಯಬಹುದಾದ ಒಂದು ಹಳ್ಳ. ಕೂತಲ್ಲಿಂದ ಕೈ ಇಳಿಬಿಟ್ಟರೆ ರಸ್ತೆ ತಾಗುವಷ್ಟು ತಗ್ಗು. ಹೊಲವೆಲ್ಲ ಸೈಟುಗಳಾದ ಹುರುಪಿನಲ್ಲಿ ಅದನ್ನು ಕೊಂಡಿದ್ದ ಗೌಡರಿಗೆ ಈಗ ತಮ್ಮ ಹೊಟ್ಟೆಯನ್ನೂ ಸ್ಟೀರಿಂಗನ್ನೂ ಒಟ್ಟಿಗೆ ಒಳಗಿಡುವುದು ಕಷ್ಟವಾಗಿತ್ತು.

ನಾನು ಹುಟ್ಟಾ ಪುಕ್ಕಲ. ಸ್ಕೂಟರಿನಲ್ಲಿ ಹೋಗುವಾಗಲೂ ಹೆಬ್ಬಾಳದ ಇಳಿಜಾರಿನಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದವನು. ಅಂಥವನಿಗೆ ಈ ಕಾರು ಯಾಕೆ ಬೇಕಾಗಿತ್ತು ಎಂದರೆ, ಅದರಲ್ಲಿ ಕೂತಾಗ ನಾನು ನಾನಾಗಿರುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ನನಗೆ ಇವತ್ತಿಗೂ ಹೊಳೆದಿಲ್ಲ.

"ಯೋಸ್ನೆ ಮಾಡ್ಬ್ಯಾಡಿ ಸಾಮಿ," ಎಂದಿದ್ದರು ಗೌಡರು. "ಇಂಗೆ ಕಾಲಿಕ್ಕಿದ್ರೆ ಅಂಗೇ ಆರೋಯ್ತದೆ."

"ಹಾರೋದು ಇರ್ಲಿ ಕಣ್ರೀ. ನಿಲ್ಲತ್ತಾ?"

"ನಿಲ್ದೆ ಎಲ್ಲೋಯ್ತದೆ? ಪೆಟ್ರೋಲ್ ಮುಗುದ್ರೆ ನಿಂತೇ ನಿಲ್ತದೆ."

ಹೆಂಡತಿ ಜಗಳವಾಡಲಿಲ್ಲ. ಜಗಳಕ್ಕಿಂತ ಭಯಂಕರವಾದ ಒಂದು ಷರತ್ತು ಹಾಕಿದಳು. "ಅತ್ತಿಯವರು ಅದರಾಗ ಮಡಿಲೆ ಕೂತು ಗುಡಿಗೆ ಹೋಗಿ ಬರ್ಲಿ. ಆಮ್ಯಾಲೆ ಕೆಂಪರ ತೊಗೋರಿ, ಹಸರರ ತೊಗೋರಿ."

ಶನಿವಾರ ಬೆಳಿಗ್ಗೆ ಗೌಡರು ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದರು. ಮುಂದೆ ಕೂತರೆ ನನ್ನ ಮೊಣಕೈ ಸೋಕುತ್ತದೆ, ಆದ್ದರಿಂದ ಅವ್ವನಿಗೆ ಹಿಂದಿನ ಹಳ್ಳವೇ ಗತಿ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವೆಂಬುದು ನಮ್ಮ ಮನೆಯ ಕಾನೂನು. ಅವ್ವ ತನ್ನ ಧಾಬಳಿಯನ್ನು, ಎಂದರೆ ಮಡಿಗೆಂದೇ ಎತ್ತಿಟ್ಟ ಆ ಉಣ್ಣೆಯ ಹೊದಿಕೆಯನ್ನು, ತಾನೇ ಸೀಟಿನ ಮೇಲೆ ಹಾಸಿ, ಬೆನ್ನು ಮುಂದಾಗಿ ಒಳಗಿಳಿದಳು. ಇಳಿದ ಮೇಲೆ ತಲೆ ಮತ್ತು ತಂಬಿಗೆ ಮಾತ್ರ ಕಾಣುತ್ತಿದ್ದವು.

"ತಮ್ಮಾ, ಇದು ಕಾರೇನೋ, ಜೋಳ ತುಂಬೋ ಹಗೇವೋ?"

"ಸ್ವಲ್ಪ ತಗ್ಗದ ಅವ್ವಾ."

"ಇಳಿಯೋದು ಇಳದೆ. ಏಳೋದು ಹೆಂಗ?"

ಆ ಪ್ರಶ್ನೆಯ ಗಾಂಭೀರ್ಯ ನನಗೆ ಆಗ ತಿಳಿಯಲಿಲ್ಲ. ನಾನು ಸ್ಟೀರಿಂಗ್ ಹಿಡಿದೆ. ಗೌಡರು ಪಕ್ಕದಲ್ಲಿ ಕೂತೊಡನೆ ಕಾರು ಇನ್ನಷ್ಟು ತಗ್ಗಿತು.

ಬಳ್ಳಾರಿ ರಸ್ತೆಯಲ್ಲಿ ಲಾರಿಗಳ ಚಕ್ರಗಳು ನನ್ನ ಕಿವಿಯ ಮಟ್ಟದಲ್ಲಿ ಉರುಳುತ್ತಿದ್ದವು. ಒಂದೊಂದು ದಾಟಿದಾಗಲೂ ಬಟ್ಟೆಯ ಮಾಡು ಪಟಪಟ ಬಡಿದುಕೊಳ್ಳುತ್ತಿತ್ತು. ಅಂಗೈ ಬೆವತು ಸ್ಟೀರಿಂಗ್ ಜಾರುತ್ತಿತ್ತು. "ಒತ್ತಿ ಸಾಮಿ, ಒತ್ತಿ," ಎಂದು ಗೌಡರು. "ತಂಬಿಗಿ ತುಳುಕಿದರ ನೋಡು," ಎಂದು ಹಿಂದಿನಿಂದ ಅವ್ವ. ಈ ಎರಡು ಆಜ್ಞೆಗಳ ನಡುವೆ ಯಲಹಂಕ ದಾಟಿ ಗುಡಿಯ ಕಡೆಯ ಮಣ್ಣುರಸ್ತೆಗೆ ತಿರುಗಿದೆ. ಹೆದರಿಕೆ ಮುಗಿಯಿತೆಂದುಕೊಂಡೆ.

ಆ ರಸ್ತೆಗೆ ಅಡ್ಡವಾಗಿ ಚಿಕ್ಕಬಳ್ಳಾಪುರದ ಕಡೆ ಹೋಗುವ ಚಿಕ್ಕ ರೈಲಿನ ಕಂಬಿ. ಗೇಟಿಲ್ಲ, ಕಾವಲಿನವನಿಲ್ಲ. ಕಂಬಿಗಳು ಒಂದು ದಿಬ್ಬದ ಮೇಲಿದ್ದವು. ಎತ್ತಿನ ಗಾಡಿಗೆ ಅದು ದಿಬ್ಬವೇ ಅಲ್ಲ. ಮುಂದಿನ ಚಕ್ರಗಳು ದಾಟಿ ಇಳಿದವು. ಆಮೇಲೆ ಕೆಳಗಿನಿಂದ, ಕೊಡಪಾನವನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು. ಕಾರು ಹೊಟ್ಟೆಯನ್ನು ಕಂಬಿಯ ಮೇಲಿಟ್ಟು ಕೂತುಬಿಟ್ಟಿತು. ಒತ್ತಿದರೆ ಹಿಂದಿನ ಚಕ್ರಗಳು ಮಣ್ಣನ್ನು ಕೆರೆದವೇ ಹೊರತು ಕದಲಲಿಲ್ಲ.

ಗೌಡರು ಇಳಿದರು, ನಾನಿಳಿದೆ. ಇಬ್ಬರೂ ತಳ್ಳಿದೆವು. ಅಲುಗಲಿಲ್ಲ.

"ಅಮ್ಮಾರು ಇಳುದ್ರೆ ಇಂದ್ಗಡೆ ಎದ್ದೋಯ್ತದೆ ಸಾಮಿ," ಎಂದ ಗೌಡರು ಮಾತು ನಿಲ್ಲಿಸಿ ನೀಲಗಿರಿ ತೋಪಿನ ಕಡೆ ನೋಡಿದರು. ತೋಪಿನ ಮೇಲೆ ಹೊಗೆ.

ಆ ರೈಲಿನ ನಿಧಾನಗತಿಯನ್ನು ಕುರಿತು ನಾವೆಲ್ಲ ಆಫೀಸಿನಲ್ಲಿ ನಗುತ್ತಿದ್ದೆವು. ಅಂದು ನಗು ಬರಲಿಲ್ಲ. ವೇಗವಾಗಿ ಬರುವುದು ಹೆದರಲು ಪುರುಸೊತ್ತು ಕೊಡುವುದಿಲ್ಲ. ಇದು ಸಾವಕಾಶವಾಗಿ, ಒಂದೊಂದನ್ನೇ ಯೋಚಿಸಿಕೋ ಎಂಬಂತೆ ಬರುತ್ತಿತ್ತು. ಗೌಡರು ಹೆಗಲ ಟವೆಲು ಕಿತ್ತು ಬೀಸುತ್ತ ಕಂಬಿಯ ಗುಂಟ ಓಡಿದರು. ನಾನು ಮುಂದಿನ ಸೀಟು ಮಡಚಿ ಒಳಗೆ ಕೈ ಚಾಚಿದೆ.

"ಅವ್ವಾ, ಕೈ ಕೊಡು."

"ದೂರ ಸರಿ. ಮಡಿಲೆ ಇದ್ದೀನಿ."

"ರೈಲು ಬರ್ಲಿಕತ್ತದ ಅವ್ವಾ!"

"ಬರ್ಲಿ. ಅದಕ್ಕೂ ಹೇಳು ಮುಟ್ಟಬ್ಯಾಡ ಅಂತ."

ಆ ತಗ್ಗಿನಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. ತಾನೇ ಏಳಲು ನೋಡಿದಳು. ಹಿಡಿದ ಇನ್ನೊಂದು ಸೀಟೂ ಮಡಚಿಕೊಂಡು ಮುಂದೆ ಬಿತ್ತು, ಅವಳು ಹಿಂದಕ್ಕೆ ಬಿದ್ದಳು. ಇನ್ನೊಮ್ಮೆ ಎದ್ದಾಗ ತಲೆ ಮಾಡಿನ ಕಂಬಿಗೆ ಬಡಿಯಿತು. ರೈಲಿನ ಎಂಜಿನ್ನು ಕೂಗಿತು. ನಾನು ಬಾಗಿಲಿಗೆ ಜೋತುಬಿದ್ದೆ. ಎತ್ತಿ ಎಳೆದುಬಿಡಬೇಕಿತ್ತು, ಯಾರಾದರೂ ಎಳೆಯುತ್ತಿದ್ದರು. ಆದರೆ ಶನಿವಾರ ಬೆಳಿಗ್ಗೆ ಅವ್ವನನ್ನು ಮುಟ್ಟಬಾರದೆಂಬ ಭಯ ರೈಲಿಗಿಂತ ಹಳೆಯದು. ಮುಂಜಿಗೂ ಮೊದಲಿನದು. ಎರಡು ಭಯಗಳ ನಡುವೆ ನನಗೆ ತೋಚಿದ್ದು ಕಾನೂನು.

"ಅವ್ವಾ, ಧಾಬಳಿ ಕೈಗೆ ಸುತ್ಕೋ. ಮ್ಯಾಲಿಂದ ಹಿಡೀತೀನಿ. ಉಣ್ಣಿಗೆ ದೋಷ ಇಲ್ಲಲಾ..."

ಆಗ ರೈಲು ತಿರುವಿನಿಂದ ಹೊರಬಂತು. ಮಾಡಿನ ಸಂದಿಯಿಂದ ಅವಳಿಗೂ ಕಂಡಿತು.

"ಧಾಬಳಿ ಸುಡ್ಲಿ, ಕೈ ಕೊಡೋ!"

ತಂಬಿಗೆ ಉರುಳಿತು. ಅವಳ ಎರಡೂ ಕೈಗಳು ನನ್ನ ಮಣಿಕಟ್ಟನ್ನು ಹಿಡಿದವು. ಎಳೆದೆ. ಹಗೇವಿನಿಂದ ಅವ್ವ ನನ್ನ ಮೇಲೆಯೇ ಬಂದು ಬಿದ್ದಳು. ಆಗ ತಿಳಿಯಿತು, ಅವಳು ಗಡಗಡ ನಡುಗುತ್ತಿದ್ದಳು. ಅವ್ವ ಎಂಬುವಳು ಹೆದರಬಲ್ಲಳು ಎಂಬ ಸಾಧ್ಯತೆಯನ್ನು ನಾನು ಅದುವರೆಗೆ ಪರಿಶೀಲಿಸಿರಲಿಲ್ಲ. ರೈಲಿಗಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಅದು.

ಹಿಂಭಾಗ ಹಗುರಾಗಿತ್ತು. ನಾನು ತಳ್ಳಿದೆ. ಪಕ್ಕಕ್ಕೆ ನೋಡಿದರೆ ಅವ್ವನೂ ಸೆರಗು ಸಿಕ್ಕಿಸಿ ಡಿಕ್ಕಿಗೆ ಹೆಗಲು ಕೊಟ್ಟಿದ್ದಳು. "ಹೋದ ಮಡಿ ಹೋತು, ನೂಕು!" ಕಾರು ಇನ್ನೊಮ್ಮೆ ಅದೇ ಸದ್ದು ಮಾಡಿ ಆಚೆ ಜಾರಿತು.

ರೈಲು ಅಷ್ಟು ದೂರದಲ್ಲೇ ನಿಂತಿತ್ತು. ಗೌಡರ ಟವೆಲಿಗೆ ನಿಂತಿತೋ, ಗೌಡರ ಗಾತ್ರಕ್ಕೋ ಗೊತ್ತಿಲ್ಲ. ಮತ್ತೆ ಹೊರಟು ನಮ್ಮ ಪಕ್ಕ ಹಾಯುವಾಗ ಡ್ರೈವರು ಹೊರಗೆ ಬಾಗಿ, ಬೈಯುತ್ತಾನೆಂದು ನಾನು ತಲೆ ತಗ್ಗಿಸಿದರೆ, ಕೇಳಿದ: "ಗಾಡಿ ಚೆನ್ನಾಗೈತೆ ಸಾರ್! ಲೀಟರ್‌ಗೆ ಎಷ್ಟ್ ಕೊಡ್ತದೆ?"

ಅವ್ವ ಗುಡಿಯವರೆಗೆ ನಡೆದೇ ಬಂದಳು. ಗುಡಿಯ ಬಾವಿಯಲ್ಲಿ ನೀರು ಸೇದಿ, ಉಟ್ಟ ಸೀರೆಯ ಮೇಲೆಯೇ ತಲೆಗೆ ಸುರಿದುಕೊಂಡು, ಒದ್ದೆಯಲ್ಲೇ ಪೂಜೆ ಮಾಡಿದಳು. ಆ ಬಾವಿ ಮೊದಲೂ ಅಲ್ಲೇ ಇತ್ತು. ಅಲ್ಲೇ ಸ್ನಾನ ಮಾಡಿದರೆ ಕಾರೇ ಬೇಕಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೂ ನಾನು ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ಬೂದು ಕಾರು ಬಂತು. ಕೆಂಪು ಕಾರು ಹಲಸಿನ ಮರದ ಕೆಳಗೆ ಮರಳಿತು. ಅದರ ಹಿಂದಿನ ಹಳ್ಳ ಕೊನೆಗೆ ಗೌಡರ ಕೋಳಿಗಳಿಗೆ ಸರಿಹೊಂದಿತೆಂದು ಕೇಳಿದೆ.

ಶನಿವಾರಗಳಂದು ಅವ್ವ ಬೂದು ಕಾರಿನ ಹಿಂದೆ, ಧಾಬಳಿಯ ಮೇಲೆ, ಯಾರನ್ನೂ ಸೋಕದೆ ನೆಟ್ಟಗೆ ಕೂತು ಬರುತ್ತಿದ್ದಳು. ಕಾರು ಎಷ್ಟೇ ಎತ್ತರದ್ದಾಗಿದ್ದರೂ ಆ ಕಂಬಿ ಹತ್ತಿರ ಬಂದಾಗ ನನ್ನ ಅಂಗೈ ಬೆವರುತ್ತಿತ್ತು. ಸರಿಯಾಗಿ ಆಗಲೇ ಹಿಂದಿನಿಂದ ಒಂದು ಕೈ ಬಂದು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ಆಚೆ ಇಳಿಯುವವರೆಗೂ ಬಿಡುತ್ತಿರಲಿಲ್ಲ. ಗುಡಿ ತಲುಪಿದೊಡನೆ ಅವಳು ಬಾವಿಯ ಕಡೆ ನಡೆಯುತ್ತಿದ್ದಳು. ಮಡಿಯ ಮಾತನ್ನು ನಾನೂ ಎತ್ತುತ್ತಿರಲಿಲ್ಲ. ಹಗ್ಗ ಇಳಿಸಿ ನೀರು ಸೇದಿಕೊಡುತ್ತಿದ್ದೆ.