ಕುಳಗಿಯಲ್ಲಿ ಮೆತ್ತಗಾದ ರೊಟ್ಟಿ

ವಿಜ್ಞಾನ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಹಳಿಯಾಳ ತಾಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೇನೆ. ಬೇರೆ ಯಾರೂ ಹಾಗೆ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕಟ್ಟಿಕೊಂಡು ಕುಳಗಿಯ ಕಾಡಿನಲ್ಲಿ ಡೇರೆ ಹಾಕಿದಾಗಲೂ ಈ ಧೈರ್ಯವೇ ನನ್ನ ಬಂಡವಾಳ.

ನಮ್ಮ ಹೆಡ್ ಮಾಸ್ತರರಿಗೆ ಮಾತ್ರ ಅಷ್ಟು ಸಾಲದು. "ಟೀಚರ್ರ, ನಾಳೆ ಮಧ್ಯಾಹ್ನ ನಾನ ಬರ್ತೇನಿ. ಹುಡುಗ್ಯಾರು ಏನರ ಕಲಿತಿದ್ರ ಸರಿ. ಬರೇ ಉಂಡು ತಿರುಗಿದ್ರ ಮುಂದಿನ ವರ್ಷ ಕ್ಯಾಂಪ್ ಇಲ್ಲ ನೋಡ್ರಿ" ಎಂದು ಹೇಳಿಯೇ ಬಸ್ ಹತ್ತಿಸಿದ್ದರು. ಎಂಟನೆಯ ತರಗತಿಯವರು ತಮ್ಮ ಸರದಿಗಾಗಿ ಈಗಲೇ ಕಾಯುತ್ತಿದ್ದರು. ಅದು ನಿಂತುಹೋದರೆ ನನಗೆ ನಿಜಕ್ಕೂ ಸಂಕಟ.

ಧಾರವಾಡದ ಕಡೆಯಿಂದ ಬಂದು ನೆಲೆಸಿದ ಮನೆಗಳ ಮಕ್ಕಳಲ್ಲವೇ, ಗಂಟುಗಟ್ಟಲೆ ಒಣಗಿಸಿದ ಜೋಳದ ಕಟಕ ರೊಟ್ಟಿ ತಂದಿದ್ದರು. ಗರಿಗರಿಯಾಗಿಯೇ ಇರಲೆಂದು, ತಾಯಂದಿರು ಮನೆಯಲ್ಲಿ ಮಾಡುವಂತೆ ಬಟ್ಟೆಯ ಮೇಲೆ ಹರವಿ ಗಾಳಿಗಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಎತ್ತಿದ ರೊಟ್ಟಿಯೆಲ್ಲ ಒದ್ದೆ ಕರವಸ್ತ್ರದಂತೆ ಜೋತುಬಿತ್ತು. ಹುಡುಗಿಯರ ಮುಖ ಬಾಡಿತು. ನಾನು ಒಳಗೊಳಗೇ ಕುಣಿದೆ. ತೇವಾಂಶದ ಪಾಠಕ್ಕೆಂದು ಬೋರ್ಡಿನ ಮೇಲೆ ಎಷ್ಟೋ ಬಾಣ ಬರೆದಿದ್ದೆ, ಒಂದೂ ನಾಟಿರಲಿಲ್ಲ. ಹಿಂದಿನ ವಿಜ್ಞಾನಿಗಳು ಗಾಳಿಯ ತೇವ ಅಳೆಯಲು ತಲೆಗೂದಲು ಬಳಸುತ್ತಿದ್ದರಂತೆ. ಪಾಪ, ಅವರಿಗೆ ಜೋಳದ ರೊಟ್ಟಿ ಸಿಕ್ಕಿರಲಿಲ್ಲ.

ಮುಚ್ಚಿದ ಡಬ್ಬಿಯಲ್ಲಿ ಉಳಿದಿದ್ದ ಗರಿ ರೊಟ್ಟಿಯ ತುಂಡುಗಳನ್ನು ಒಲೆಯ ಪಕ್ಕ, ಬಿಸಿಲಲ್ಲಿ, ಹಳ್ಳದ ದಂಡೆಯ ನೆರಳಲ್ಲಿ ಇಡಿಸಿದೆ. ಆಗಾಗ ಹೋಗಿ ಮುರಿದು ನೋಡಿದರು, ಸಪ್ಪಳ ಕೇಳಿದರು, ಜಗಳವಾಡಿದರು. ಮಕ್ಕಳು ಜಗಳವಾಡದ ಕಡೆ ವಿಜ್ಞಾನ ನಡೆಯುತ್ತಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಹೆಡ್ ಮಾಸ್ತರರು ಹೇಳಿದಂತೆಯೇ ಬಂದರು. ತರಗತಿಯಲ್ಲಿ ಬಾಯಿಯೇ ಬಿಡದ ಸವಿತಾಳನ್ನು ಕರೆದು, "ಗಾಳ್ಯಾಗ ನೀರ ಐತಿ ಅಂತಾರ. ಎಲ್ಲೈತಿ, ತೋರ್ಸು" ಎಂದರು.

ಅವಳು ಹಳ್ಳದ ದಂಡೆಯ ತುಂಡನ್ನು ಅವರ ಕೈಗಿಟ್ಟಳು. "ಮುರೀರಿ ಸರ್ರ."

ಅದು ಮುರಿಯಲಿಲ್ಲ, ಬಾಗಿತು.

"ಅದರಾಗ ಐತ್ರಿ. ಈಗ ಇದನ್ನ ಮುರೀರಿ, ಒಲಿ ಹತ್ರದ್ದು."

ಟಪ್ಪೆಂದಿತು.

ಅವರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಒಲೆ ಪಕ್ಕದ ಸಾಕ್ಷ್ಯಕ್ಕೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೇಬಿಟ್ಟರು. ಹುಡುಗಿಯರೂ ನಾನೂ ತೀರ್ಪಿಗೆ ಕಾದೆವು.

"ಮುಂದಿನ ವರ್ಷ ಬಂದಾಗ," ಎಂದರು ಅಗಿಯುತ್ತಲೇ, "ಒಲಿ ಹತ್ರ ಇನ್ನೊಂದಿಷ್ಟು ಇಡ್ರಿ."